ಕರ್ನಲ್‌ನಲ್ಲಿ ಸಾಮಾನ್ಯ ಗೂಢಲಿಪಿ ಸಂಗ್ರಹದ ಅಳವಡಿಕೆ: ಅರ್ಜಿದಾರರ ತಿಳಿವಳಿಕೆಗಾಗಿ ವಿವರಣೆ

ಸರ್ಕಾರದ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ ಮುಂತಾದ ದಾಖಲೆಗಳ ಚಿತ್ರಗಳನ್ನು ತಮ್ಮ ಮೊಬೈಲ್‌ನಲ್ಲಿಯೇ ಇರಿಸಿಕೊಂಡಿರುವುದು ಸಾಮಾನ್ಯವಾಗಿದೆ. ಮೊಬೈಲ್ ಕಳೆದುಹೋದಲ್ಲಿ ಅಥವಾ ಕಳುವಾದಲ್ಲಿ ಸದರಿ ದಾಖಲೆಗಳು ಅನ್ಯರಿಗೆ ದೊರೆಯುತ್ತವೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ. ಇದರ ಉತ್ತರವು ಪರದೆಯ ಮೇಲೆ ಕಾಣುವ ಯಾವುದೇ ತಂತ್ರಾಂಶದಲ್ಲಿ ಇರುವುದಿಲ್ಲ. ಅವೆಲ್ಲಕ್ಕೂ ಕೆಳಗೆ, ಕಣ್ಣಿಗೆ ಕಾಣದಂತೆ ಕೆಲಸ ಮಾಡುವ ಕರ್ನಲ್ ಎಂಬ ಭಾಗದಲ್ಲಿ ಬಹುಮಟ್ಟಿಗೆ ಅಡಗಿರುತ್ತದೆ. ಈ ಭಾಗದಲ್ಲಿ ಗೂಢಲಿಪಿಯ ಕೋಡ್ ಅನ್ನು ಒಂದೇ ಸ್ಥಳದಲ್ಲಿ ಇರಿಸಿ, ಎಲ್ಲ ವಿಭಾಗಗಳೂ ಅದನ್ನೇ ಬಳಸುವಂತೆ ಮಾಡುವ ಕಾರ್ಯವು ಹೇಗೆ ನಡೆಯಿತು ಮತ್ತು ಅದರಿಂದ ಸಾಮಾನ್ಯ ಬಳಕೆದಾರರಿಗೆ ಏನು ದೊರೆತಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಲ್ ಎಂದರೇನು?

ಗಣಕಯಂತ್ರ ಅಥವಾ ಮೊಬೈಲ್‌ನ ಯಂತ್ರಭಾಗಗಳಿಗೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು ಕರ್ನಲ್ ಎಂದು ಕರೆಯಲಾಗುತ್ತದೆ. ಸ್ಮರಣೆಯ ಹಂಚಿಕೆ, ಕಡತಗಳ ಸಂಗ್ರಹ, ಜಾಲಸಂಪರ್ಕ ಇವೆಲ್ಲವೂ ಇದರ ಮೂಲಕವೇ ನಡೆಯತಕ್ಕದ್ದು. ಫಿನ್‌ಲೆಂಡ್ ದೇಶದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ಎಲ್ಲ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿಯೂ ಇದೆ. ಭಾರತದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿರುವ ಬಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಳದಲ್ಲಿ ಇರುವುದೂ ಇದೇ ಕರ್ನಲ್. ಆಪಲ್ ಕಂಪನಿಯ ಮೊಬೈಲ್‌ಗಳ ಕರ್ನಲ್ ಬೇರೆಯಾಗಿದ್ದು, ಅವುಗಳಿಗೆ ಈ ವಿವರಣೆ ಅನ್ವಯಿಸುವುದಿಲ್ಲ.

ಕರ್ನಲ್‌ನೊಳಗೆ ಗೂಢಲಿಪಿಯ ಅಗತ್ಯ ಹಲವು ಕಡೆ ಬೀಳುತ್ತದೆ. ಸಂಗ್ರಹದಲ್ಲಿರುವ ಕಡತಗಳನ್ನು ಕೀಲಿಯಿಲ್ಲದೆ ಓದಲಾಗದಂತೆ ಪರಿವರ್ತಿಸಿ ಇಡುವುದು ಮೊದಲನೆಯದು. ಎರಡು ಕಚೇರಿಗಳ ಗಣಕಯಂತ್ರಗಳ ನಡುವೆ ಅಂತರ್ಜಾಲದ ಮೂಲಕವೇ ಖಾಸಗಿ ಮಾರ್ಗ ಏರ್ಪಡಿಸುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಗಳನ್ನು ಸಿದ್ಧಪಡಿಸಿ ಕೊಡುವುದು. ಅರ್ಜಿ ಸಲ್ಲಿಸುವಾಗ ಜಾಲಪುಟದ ವಿಳಾಸದೊಂದಿಗೆ ಬರುವ ಸುರಕ್ಷಿತ ಸಂಪರ್ಕವನ್ನು ಸಾಮಾನ್ಯವಾಗಿ ಬ್ರೌಸರ್ ತನ್ನದೇ ಕೋಡ್‌ನಿಂದ ಏರ್ಪಡಿಸುತ್ತದೆ. ಆದರೆ ಅದಕ್ಕೆ ಬೇಕಾದ ಕೀಲಿಗಳ ಮೂಲದ್ರವ್ಯವಾದ ಯಾದೃಚ್ಛಿಕ ಸಂಖ್ಯೆಯನ್ನು ಅದು ಕರ್ನಲ್‌ನಿಂದಲೇ ಪಡೆಯುತ್ತದೆ. ಈ ಸಂಖ್ಯೆ ಊಹೆಗೆ ಸಿಗುವಂತಾದರೆ ಅದರ ಮೇಲೆ ಕಟ್ಟಿದ ಯಾವ ಬೀಗವೂ ಬೀಗವಾಗಿ ಉಳಿಯುವುದಿಲ್ಲ.

ಒಂದೇ ಸ್ಥಳದಲ್ಲಿ ಇರಿಸುವುದರ ಅಗತ್ಯ

ಒಂದು ಕಚೇರಿಯಲ್ಲಿ ಪ್ರತಿಯೊಂದು ಶಾಖೆಯೂ ತನ್ನದೇ ಮೊಹರನ್ನು ಮಾಡಿಸಿಕೊಂಡರೆ ಯಾವ ಮೊಹರು ಸರಿಯಾದುದು, ಯಾವುದು ಸವೆದಿದೆ, ಯಾವುದನ್ನು ರದ್ದುಪಡಿಸಬೇಕು ಎಂಬುದನ್ನು ಪರಿಶೀಲಿಸುವುದು ಅಸಾಧ್ಯವಾಗುತ್ತದೆ. ಗೂಢಲಿಪಿಯ ಕೋಡ್‌ಗೂ ಈ ಮಾತು ಅನ್ವಯಿಸುತ್ತದೆ. ಜಾಲಸಂಪರ್ಕದ ಭಾಗದಲ್ಲಿ ಒಂದು ಪ್ರತಿ, ಕಡತ ವ್ಯವಸ್ಥೆಯಲ್ಲಿ ಮತ್ತೊಂದು ಪ್ರತಿ, ಯಂತ್ರಚಾಲಕ ತಂತ್ರಾಂಶದಲ್ಲಿ ಇನ್ನೊಂದು ಪ್ರತಿ ಇದ್ದಲ್ಲಿ, ದೋಷ ಕಂಡುಬಂದಾಗ ಎಲ್ಲ ಕಡೆ ತಿದ್ದಬೇಕಾಗುತ್ತದೆ. ಒಂದು ಕಡೆ ಬಿಟ್ಟುಹೋದರೂ ದೋಷ ಉಳಿದಂತೆಯೇ. ಅಲ್ಲದೆ ಗೂಢಲಿಪಿಯ ಲೆಕ್ಕ ಸರಿಯಾಗಿ ಬಂದ ಮಾತ್ರಕ್ಕೆ ಸಾಲದು. ಕೀಲಿಯ ಅಂಕಿಗಳಿಗೆ ಅನುಗುಣವಾಗಿ ಲೆಕ್ಕದ ಸಮಯ ಹೆಚ್ಚುಕಡಿಮೆಯಾದರೆ, ಆ ಸಮಯವನ್ನು ಅಳೆದೇ ಕೀಲಿಯನ್ನು ಊಹಿಸಬಹುದೆಂಬುದನ್ನು ಅಮೆರಿಕದ ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೀನ್ ಅವರು 2005ರಲ್ಲಿ ಎಇಎಸ್ ವಿಧಾನದ ವಿಷಯದಲ್ಲಿ ತೋರಿಸಿದ್ದಾರೆ. ಇಷ್ಟು ಸೂಕ್ಷ್ಮವಾದ ಕೋಡ್ ಅನ್ನು ಹತ್ತು ಜನರು ಹತ್ತು ಕಡೆ ಬರೆಯುವುದು ಉಚಿತವಲ್ಲ.

ಒಂದೇ ಪ್ರತಿ ಇದ್ದರೆ ಅದರಲ್ಲಿನ ಒಂದು ತಪ್ಪು ಎಲ್ಲರಿಗೂ ತಟ್ಟುತ್ತದೆ ಎಂಬ ಆಕ್ಷೇಪಣೆಯೂ ಇದೆ. ಅದು ನಿರಾಧಾರವಾದುದಲ್ಲ. ಕರ್ನಲ್‌ಗೆ ಸೇರದಿದ್ದರೂ ಅಸಂಖ್ಯಾತ ಜಾಲತಾಣಗಳು ಬಳಸುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಸಾಮಾನ್ಯ ಸಂಗ್ರಹದಲ್ಲಿ ಒಂದು ಅಳತೆಯ ತಪಾಸಣೆ ಬಿಟ್ಟುಹೋದ ಕಾರಣ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಹಿರಂಗವಾಗಿ ಜಗತ್ತಿನಾದ್ಯಂತ ಕೀಲಿಗಳನ್ನು ಬದಲಿಸಬೇಕಾಯಿತು. ಆದರೆ ಆ ದೋಷವನ್ನು ಒಂದೇ ಕಡೆ ತಿದ್ದಿ, ಎಲ್ಲರಿಗೂ ಹಂಚಲು ಸಾಧ್ಯವಾದದ್ದೂ ಆ ಸಂಗ್ರಹ ಒಂದೇ ಆಗಿದ್ದರಿಂದ.

2002ರ ವ್ಯವಸ್ಥೆ ಮತ್ತು ಅದರ ತೊಡಕು

ಲಿನಕ್ಸ್ ಕರ್ನಲ್‌ನಲ್ಲಿ ಈ ಕಾರ್ಯ ತಡವಾಗಿ ಆರಂಭವಾಗಲು ತಾಂತ್ರಿಕ ಕಾರಣಕ್ಕಿಂತ ಕಾನೂನಿನ ಕಾರಣವೇ ದೊಡ್ಡದಾಗಿತ್ತು. 1990ರ ದಶಕದಲ್ಲಿ ಪ್ರಬಲ ಗೂಢಲಿಪಿಯ ತಂತ್ರಾಂಶವನ್ನು ಅಮೆರಿಕದಿಂದ ಹೊರಕ್ಕೆ ಕಳುಹಿಸಲು ಕಟ್ಟುನಿಟ್ಟಿನ ನಿರ್ಬಂಧವಿತ್ತು. ಒಂದು ಹಂತದಲ್ಲಿ ಅದನ್ನು ಯುದ್ಧಸಾಮಗ್ರಿಯ ಪಟ್ಟಿಯಲ್ಲಿಯೇ ಇರಿಸಲಾಗಿತ್ತು. ಆದ್ದರಿಂದ ಗೂಢಲಿಪಿಯ ಭಾಗವನ್ನು ಅಮೆರಿಕದ ಹೊರಗೆ ಪ್ರತ್ಯೇಕ ತೇಪೆಯಾಗಿ ಸಿದ್ಧಪಡಿಸಿ, ಬೇಕಾದವರು ತಾವೇ ಸೇರಿಸಿಕೊಳ್ಳುವ ಪದ್ಧತಿ ಇತ್ತು. ಫ್ರೀಸ್ವಾನ್ ಎಂಬ ಯೋಜನೆಯಂತೂ ಅಮೆರಿಕದ ನಾಗರಿಕರು ಬರೆದ ಒಂದು ಸಾಲನ್ನೂ ಸ್ವೀಕರಿಸುತ್ತಿರಲಿಲ್ಲ. 2000ದ ಜನವರಿಯಲ್ಲಿ ನಿಯಮಗಳು ಸಡಿಲಗೊಂಡವು. 2002ರಲ್ಲಿ ಜೇಮ್ಸ್ ಮಾರಿಸ್, ಡೇವಿಡ್ ಮಿಲ್ಲರ್ ಮೊದಲಾದವರು ಸಿದ್ಧಪಡಿಸಿದ ಸಾಮಾನ್ಯ ಗೂಢಲಿಪಿ ವ್ಯವಸ್ಥೆಯು ಕರ್ನಲ್‌ನ 2.5.45ನೇ ಆವೃತ್ತಿಗೆ ಸೇರ್ಪಡೆಯಾಗಿ, 2003ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 2.6ನೇ ಆವೃತ್ತಿಯೊಂದಿಗೆ ಸಾಮಾನ್ಯ ಬಳಕೆದಾರರಿಗೆ ದೊರೆಯಿತು.

ಸದರಿ ವ್ಯವಸ್ಥೆಯು ದೊಡ್ಡ ಉಗ್ರಾಣವೊಂದರ ಮಾದರಿಯಲ್ಲಿ ಇತ್ತು. ಯಾವ ಗೂಢಲಿಪಿ ವಿಧಾನ ಬೇಕು ಎಂಬುದನ್ನು ಹೆಸರಿನ ಮೂಲಕ ಸೂಚಿಸಿ ಬೇಡಿಕೆ ಸಲ್ಲಿಸಬೇಕು. ಲಭ್ಯವಿರುವ ಪ್ರತಿಗಳಲ್ಲಿ ವೇಗವಾದುದನ್ನು ಅದೇ ಆಯ್ದು ಕೊಡುತ್ತದೆ. ಗೂಢಲಿಪಿಗೆಂದೇ ಪ್ರತ್ಯೇಕ ಯಂತ್ರಭಾಗವಿದ್ದಲ್ಲಿ ಕೆಲಸವನ್ನು ಅದಕ್ಕೆ ಒಪ್ಪಿಸಿ, ಮುಗಿದ ನಂತರ ತಿಳಿಸುವ ಏರ್ಪಾಡೂ ಇದೆ. ದೊಡ್ಡ ಪ್ರಮಾಣದ ಕೆಲಸಕ್ಕೆ ಇದು ತಕ್ಕ ವ್ಯವಸ್ಥೆ. ಆದರೆ ಕೇವಲ ಅರವತ್ತನಾಲ್ಕು ಬೈಟ್‌ಗಳ ಒಂದು ಲೆಕ್ಕ ಮಾಡಬೇಕಾದ ವಿಭಾಗಕ್ಕೂ ಅದೇ ಕ್ರಮ, ಅದೇ ಬೇಡಿಕೆಪತ್ರ. ಒಂದು ಗುಂಡುಸೂಜಿಗೂ ಮೂರು ಪ್ರತಿಗಳಲ್ಲಿ ಇಂಡೆಂಟ್ ಹಾಕಬೇಕಾದ ಕಚೇರಿಯಲ್ಲಿ ಗುಮಾಸ್ತರು ತಮ್ಮ ಮೇಜಿನ ಖಾನೆಯಲ್ಲಿಯೇ ಲೆಕ್ಕಕ್ಕೆ ಸಿಗದ ದಾಸ್ತಾನು ಇಟ್ಟುಕೊಳ್ಳುತ್ತಾರಲ್ಲವೆ? ಕರ್ನಲ್‌ನಲ್ಲಿಯೂ ಹಾಗೆಯೇ ಆಯಿತು. ಯಾದೃಚ್ಛಿಕ ಸಂಖ್ಯೆಗಳ ವಿಭಾಗವು ಬಹುಕಾಲದಿಂದ ಬಳಸುತ್ತಿದ್ದ ಎಸ್‌ಎಚ್‌ಎ-1 ವಿಧಾನದ ಪ್ರತಿಯು ಉಗ್ರಾಣದ ಹೊರಗೇ ಉಳಿಯಿತು. ಅದೇ ವಿಧಾನದ ಮತ್ತೊಂದು ಪ್ರತಿ ಉಗ್ರಾಣದ ಒಳಗೂ ಇತ್ತು.

ಜಿಂಕ್ ಪ್ರಸ್ತಾವನೆ

2018ರ ಜುಲೈ ಕೊನೆಯಲ್ಲಿ ಜೇಸನ್ ಡೊನೆನ್‌ಫೆಲ್ಡ್ ಅವರು ವೈರ್‌ಗಾರ್ಡ್ ಎಂಬ ಖಾಸಗಿ ಜಾಲಮಾರ್ಗದ ತಂತ್ರಾಂಶವನ್ನು ಕರ್ನಲ್‌ಗೆ ಸೇರಿಸುವಂತೆ ಸಲ್ಲಿಸಿದರು. ಇದು ಚಾಚಾ20, ಪಾಲಿ1305, ಕರ್ವ್25519, ಬ್ಲೇಕ್2ಎಸ್ ಎಂಬ ನಿಗದಿತ ವಿಧಾನಗಳನ್ನು ಮಾತ್ರ ಬಳಸುವ, ಗಾತ್ರದಲ್ಲಿ ಚಿಕ್ಕದಾದ ತಂತ್ರಾಂಶ. ಇದರ ಬಗ್ಗೆ ಟೋರ್ವಾಲ್ಡ್ಸ್ ಅವರೇ ಮೆಚ್ಚುಗೆ ವ್ಯಕ್ತಪಡಿಸಿದ್ದರು. ಆದರೂ ಸೇರ್ಪಡೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಾರಣವೇನೆಂದರೆ, ಹಳೆಯ ಉಗ್ರಾಣವನ್ನು ಬಳಸಲು ಒಪ್ಪದ ಡೊನೆನ್‌ಫೆಲ್ಡ್ ಅವರು ಜಿಂಕ್ ಎಂಬ ಹೆಸರಿನ ಹೊಸ ಗೂಢಲಿಪಿ ಸಂಗ್ರಹವನ್ನೂ ಜೊತೆಯಲ್ಲಿಯೇ ಸಲ್ಲಿಸಿದ್ದರು. ಇಂತಹ ವಿಧಾನ ಬೇಕೆಂದರೆ ಅದರ ಹೆಸರಿನ ಕಾರ್ಯವನ್ನು ನೇರವಾಗಿ ಕರೆಯುವುದು, ಅಷ್ಟೆ; ಬೇಡಿಕೆಪತ್ರವಿಲ್ಲ, ಕಾಯುವುದಿಲ್ಲ.

ನೇರ ಕರೆಯ ತತ್ತ್ವವನ್ನು ವಿರೋಧಿಸಿದವರು ಕಡಿಮೆ. ಆಕ್ಷೇಪಣೆ ಬಂದದ್ದು ಒಂದು ವ್ಯವಸ್ಥೆ ಇರುವಾಗ ಅದರ ಪಕ್ಕದಲ್ಲಿಯೇ ಎರಡನೆಯದನ್ನು ನಿಲ್ಲಿಸುವುದಕ್ಕೆ. ಚಾಚಾ20 ವಿಧಾನದ ಪ್ರತಿಗಳು ಈಗಾಗಲೇ ಉಗ್ರಾಣದಲ್ಲಿ ಇದ್ದವು. ಅವುಗಳನ್ನು ತೆಗೆದುಹಾಕಿ ಹೊಸದನ್ನು ಇಡುವುದಾದರೆ ಹೊಸದು ಮೇಲೆಂಬುದಕ್ಕೆ ಆಧಾರ ಬೇಕು, ಬದಲಾವಣೆ ಪರಿಶೀಲಿಸಬಹುದಾದಷ್ಟು ಸಣ್ಣ ಸಣ್ಣ ಹಂತಗಳಲ್ಲಿ ಬರಬೇಕು ಎಂಬುದು ಆರ್ಡ್ ಬೀಶೂವೆಲ್ ಮೊದಲಾದ ನಿರ್ವಾಹಕರ ನಿಲುವಾಗಿತ್ತು. ಎರಡೂ ಪಕ್ಷಗಳ ವಾದದಲ್ಲಿ ಹುರುಳಿತ್ತೆಂದೇ ಹೇಳಬೇಕಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಡೊನೆನ್‌ಫೆಲ್ಡ್ ಅವರು ಜಿಂಕ್ ಅನ್ನು ಪ್ರತ್ಯೇಕವಾಗಿ ಸೇರಿಸುವ ಪಟ್ಟನ್ನು ಬಿಟ್ಟರು. ಬೀಶೂವೆಲ್ ಅವರು ಇರುವ ವ್ಯವಸ್ಥೆಯೊಳಗೇ ನೇರವಾಗಿ ಕರೆಯಬಹುದಾದ ಸಂಗ್ರಹವನ್ನು ರೂಪಿಸಿದರು. ಜಿಂಕ್‌ನ ಅನೇಕ ಭಾಗಗಳು ಆ ಹೆಸರಿಲ್ಲದೆ ಅದರಲ್ಲಿ ಸೇರಿಕೊಂಡವು. ಈ ಸಂಗ್ರಹವು 2020ರ ಜನವರಿಯಲ್ಲಿ ಬಿಡುಗಡೆಯಾದ 5.5ನೇ ಆವೃತ್ತಿಯಲ್ಲಿಯೂ, ವೈರ್‌ಗಾರ್ಡ್ ಅದೇ ವರ್ಷದ ಮಾರ್ಚ್‌ನಲ್ಲಿ ಬಂದ 5.6ನೇ ಆವೃತ್ತಿಯಲ್ಲಿಯೂ ಸೇರ್ಪಡೆಯಾದವು.

ಇದರ ಪ್ರಯೋಜನ ವೈರ್‌ಗಾರ್ಡ್‌ಗೆ ಮಾತ್ರ ಸೀಮಿತವಾಗಲಿಲ್ಲ. ಅದಕ್ಕಾಗಿ ಬಂದ ಬ್ಲೇಕ್2ಎಸ್ ಕೋಡ್ ಅನ್ನು 2022ರ 5.17ನೇ ಆವೃತ್ತಿಯಿಂದ ಯಾದೃಚ್ಛಿಕ ಸಂಖ್ಯೆಗಳ ವಿಭಾಗವು ಹಳೆಯ ಎಸ್‌ಎಚ್‌ಎ-1ಕ್ಕೆ ಬದಲಾಗಿ ಬಳಸತೊಡಗಿತು. 2025ರಲ್ಲಿ ಎಸ್‌ಎಚ್‌ಎ-256, ಎಸ್‌ಎಚ್‌ಎ-512 ಮುಂತಾದ ವಿಧಾನಗಳನ್ನೂ ಎರಿಕ್ ಬಿಗರ್ಸ್ ಅವರು ಇದೇ ಸಂಗ್ರಹಕ್ಕೆ ಕ್ರಮವಾಗಿ ಸ್ಥಳಾಂತರಿಸಿ, ಪ್ರತಿಯೊಂದಕ್ಕೂ ಪರೀಕ್ಷೆಗಳನ್ನು ಜೋಡಿಸಿದರು. ಹಳೆಯ ಉಗ್ರಾಣವೂ ಮುಂದುವರಿದಿದೆ. ಆದರೆ ಈ ವಿಧಾನಗಳ ಮಟ್ಟಿಗೆ ಅದು ಈಗ ಸಾಮಾನು ತರುವುದು ಈ ಸಂಗ್ರಹದಿಂದಲೇ.

ಹೊರಗಿನ ಕೋಡ್ ತರುವಾಗ ವಹಿಸುವ ಎಚ್ಚರಿಕೆ

ಕರ್ನಲ್‌ನ ಗೂಢಲಿಪಿ ಕೋಡ್ ಎಲ್ಲವೂ ಕರ್ನಲ್‌ಗಾಗಿಯೇ ಬರೆದುದಲ್ಲ. ಪ್ರೊಸೆಸರ್‌ನ ಯಂತ್ರಭಾಷೆಯಲ್ಲಿ ಬರೆದ ಅತಿವೇಗದ ಭಾಗಗಳಲ್ಲಿ ಹಲವು, ಓಪನ್‌ಎಸ್‌ಎಸ್‌ಎಲ್‌ಗಾಗಿ ಆಂಡಿ ಪೋಲ್ಯಕೋವ್ ಅವರು ರಚಿಸಿದವು. ಓಪನ್‌ಎಸ್‌ಎಸ್‌ಎಲ್‌ನ ಆಗಿನ ಪರವಾನಗಿಯು ಕರ್ನಲ್‌ನ ಪರವಾನಗಿಯೊಂದಿಗೆ ಹೊಂದದಿದ್ದ ಕಾರಣ, ಅವರು ತಮ್ಮ ಕೋಡ್ ಅನ್ನು ಕರ್ನಲ್‌ಗೆ ಒಪ್ಪುವ ಷರತ್ತಿನಲ್ಲಿಯೂ ಒದಗಿಸಬೇಕಾಯಿತು. ಕರ್ವ್25519 ವಿಧಾನದ ಕೋಡ್ ಬಂದದ್ದು ಇನ್ನೂ ವಿಶೇಷವಾದ ಎರಡು ಮೂಲಗಳಿಂದ: 64 ಬಿಟ್ ಯಂತ್ರಗಳಿಗೆ ಹ್ಯಾಕಲ್-ಸ್ಟಾರ್, 32 ಬಿಟ್ ಯಂತ್ರಗಳಿಗೆ ಫಿಯಟ್-ಕ್ರಿಪ್ಟೊ. ಈ ಎರಡರಲ್ಲಿಯೂ ಲೆಕ್ಕ ಸರಿಯಾಗಿದೆ ಎಂಬುದಕ್ಕೆ ಗಣಿತದ ಸಾಧನೆಯನ್ನು ಗಣಕಯಂತ್ರವೇ ಪರಿಶೀಲಿಸಿ, ನಂತರ ಕೋಡ್ ಅನ್ನು ಉತ್ಪಾದಿಸಿರುತ್ತದೆ. ಇಂತಹ ಕೋಡ್ ಕರ್ನಲ್‌ನ ಬರವಣಿಗೆಯ ಶೈಲಿಗೆ ಹೊಂದುವುದಿಲ್ಲ, ಓದಲೂ ಹಿತವಲ್ಲ. ಆದರೂ ಅಂದಕ್ಕಾಗಿ ತಿದ್ದಲು ಹೋದರೆ ಸಾಧನೆಯ ಬೆಲೆ ಕಳೆದುಹೋಗುತ್ತದೆ.

ತಂದ ಕೋಡ್ ಅನ್ನು ಸ್ಥಳೀಯ ಅನುಕೂಲಕ್ಕಾಗಿ ತಿದ್ದಿದರೆ ಏನಾಗಬಹುದು ಎಂಬುದಕ್ಕೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ನಡೆದ ಪ್ರಕರಣವು ಕಣ್ತೆರೆಸುವಂತಹುದು. ಅದು ಕರ್ನಲ್‌ನ ಹೊರಗೆ ನಡೆದುದಾದರೂ ಪಾಠ ಒಂದೇ. ತಪಾಸಣಾ ತಂತ್ರಾಂಶವೊಂದು ಓಪನ್‌ಎಸ್‌ಎಸ್‌ಎಲ್‌ನ ಕೆಲವು ಸಾಲುಗಳ ಬಗ್ಗೆ ಎಚ್ಚರಿಕೆ ನೀಡುತ್ತಿತ್ತೆಂದು 2006ರಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ಯಾದೃಚ್ಛಿಕತೆಯನ್ನು ಬೆರೆಸುತ್ತಿದ್ದ ಸಾಲೇ ಅದರಲ್ಲಿ ಸೇರಿತ್ತು. ಉಳಿದದ್ದು ಚಾಲನೆಯಲ್ಲಿರುವ ತಂತ್ರಾಂಶದ ಕ್ರಮಸಂಖ್ಯೆ ಮಾತ್ರ. ಪರಿಣಾಮವಾಗಿ, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗಳು ಕೇವಲ 32 ಸಾವಿರದಷ್ಟು ಬಗೆಗಳಿಗೆ ಸೀಮಿತವಾದವು. ಎಲ್ಲ ಪರೀಕ್ಷೆಗಳೂ ಸರಿಯಾಗಿಯೇ ನಡೆಯುತ್ತಿದ್ದವು, ಬೀಗಗಳು ಬೀಳುತ್ತಿದ್ದವು, ತೆರೆಯುತ್ತಿದ್ದವು. ಸುಮಾರು ಒಂದೂವರೆ ವರ್ಷ ಯಾರಿಗೂ ಗೊತ್ತಾಗಲಿಲ್ಲ. 2008ರ ಮೇ ತಿಂಗಳಲ್ಲಿ ವಿಷಯ ಹೊರಬಿದ್ದಾಗ ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆಯಬೇಕಾಯಿತು. ಅಡಾವೆ ಪಟ್ಟಿ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎನ್ನಲಾಗದು ಎಂಬುದು ಲೆಕ್ಕಪತ್ರ ಬಲ್ಲವರಿಗೆ ಹೊಸದಲ್ಲ.

ಕರ್ನಲ್‌ಗೇ ವಿಶಿಷ್ಟವಾದ ತೊಡಕೂ ಒಂದಿದೆ. ಅತಿವೇಗದ ಕೋಡ್ ಪ್ರೊಸೆಸರ್‌ನ ವಿಶಾಲ ಕೋಶಗಳನ್ನು ಬಳಸುತ್ತದೆ. ಆ ಕೋಶಗಳಲ್ಲಿ ಆ ಹೊತ್ತಿಗೆ ಬಳಕೆದಾರರ ತಂತ್ರಾಂಶದ ಅಂಕಿಗಳು ಇರಬಹುದು. ಕರ್ನಲ್ ಅವುಗಳನ್ನು ಮೊದಲು ಎತ್ತಿಟ್ಟು, ತನ್ನ ಕೆಲಸದ ನಂತರ ಇದ್ದಂತೆಯೇ ಮರಳಿಸಬೇಕು. ಆ ನಡುವೆ ಬೇರೆ ಕೆಲಸಕ್ಕೆ ಕಾಯುತ್ತ ಕೂರುವಂತಿಲ್ಲ. ಚಿಕ್ಕ ಲೆಕ್ಕಗಳಿಗೆ ಈ ಎತ್ತಿಡುವ ಖರ್ಚೇ ಹೆಚ್ಚಾಗುತ್ತದೆ. ಹೊರಗಿನ ಸಂಗ್ರಹವನ್ನು ಇದ್ದಂತೆಯೇ ಕರ್ನಲ್‌ನೊಳಗೆ ಇಟ್ಟುಬಿಡಲು ಆಗದಿರುವುದಕ್ಕೆ ಇದು ಮುಖ್ಯ ಕಾರಣ.

ಕಡಿಮೆ ಬೆಲೆಯ ಮೊಬೈಲ್‌ಗಳ ಪ್ರಶ್ನೆ

ಅರ್ಜಿದಾರರಿಗೆ ಹೆಚ್ಚು ಸಂಬಂಧಪಟ್ಟ ಭಾಗ ಇದು. ಕಡತಗಳನ್ನು ಗೂಢಲಿಪಿಯಲ್ಲಿ ಇಡಲು ಬಳಸುವ ಎಇಎಸ್ ವಿಧಾನವನ್ನು ಅಮೆರಿಕವು 2001ರಲ್ಲಿ ಮಾನಕವನ್ನಾಗಿ ಅಂಗೀಕರಿಸಿತು. ಬೆಲೆಬಾಳುವ ಮೊಬೈಲ್‌ಗಳ ಪ್ರೊಸೆಸರ್‌ನಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಸೂಚನೆಗಳಿದ್ದು, ಕೆಲಸ ತಕ್ಷಣ ಮುಗಿಯುತ್ತದೆ. ಆರ್ಮ್ ಕಾರ್ಟೆಕ್ಸ್-ಎ7ನಂತಹ ಅಗ್ಗದ ಪ್ರೊಸೆಸರ್‌ಗಳಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಎಇಎಸ್ ಬಳಸಿದರೆ ಒಂದು ಚಿತ್ರ ತೆರೆಯಲೂ ಕಾಯಬೇಕಾಗುತ್ತದೆ. ಈ ಕಾರಣದಿಂದ, ಎಇಎಸ್ ವೇಗವು ಸೆಕೆಂಡಿಗೆ ಸುಮಾರು 50 ಮೆಗಾಬೈಟ್‌ಗಿಂತ ಕಡಿಮೆ ಇರುವ ಮೊಬೈಲ್‌ಗಳಿಗೆ ಆಂಡ್ರಾಯ್ಡ್ ನಿಯಮಗಳಲ್ಲಿ ಗೂಢಲಿಪಿಯಿಂದ ವಿನಾಯಿತಿ ನೀಡಲಾಗಿತ್ತು. ಅಂದರೆ ದುಬಾರಿ ಮೊಬೈಲ್ ಕೊಳ್ಳಲು ಶಕ್ತರಲ್ಲದವರ ದಾಖಲೆಗಳೇ ಬೀಗವಿಲ್ಲದೆ ಉಳಿಯುತ್ತಿದ್ದವು. ಇದು ನ್ಯಾಯವಾದ ಏರ್ಪಾಡಾಗಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಗೂಗಲ್ ಸಂಸ್ಥೆಯ ತಂತ್ರಜ್ಞರು ಮೊದಲು ಸ್ಪೆಕ್ ಎಂಬ ವಿಧಾನವನ್ನು ಮುಂದಿಟ್ಟರು. ಅದು 2018ರ 4.17ನೇ ಆವೃತ್ತಿಯಲ್ಲಿ ಕರ್ನಲ್‌ಗೆ ಸೇರಿತು. ಆದರೆ ಸ್ಪೆಕ್ ಅನ್ನು ರೂಪಿಸಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಅದೇ ವರ್ಷ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿಯೂ ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಸಾರ್ವಜನಿಕ ಟೀಕೆಯ ನಂತರ ಗೂಗಲ್ ಆ ಯೋಜನೆಯನ್ನು ಕೈಬಿಟ್ಟಿತು, ಕರ್ನಲ್‌ನಿಂದ ಸ್ಪೆಕ್ ಅನ್ನು ತೆಗೆಯಲಾಯಿತು.

ಅದರ ಸ್ಥಾನದಲ್ಲಿ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗರ್ಸ್ ಅವರು ಅಡಿಯಾಂಟಮ್ ಎಂಬ ವಿಧಾನವನ್ನು ರೂಪಿಸಿದರು. (ಇದು ಒಂದು ಜರೀಗಿಡದ ಹೆಸರು.) ಇದರ ವಿಶೇಷವೆಂದರೆ ಬಹುಪಾಲು ಹಳೆಯ ಸಾಮಗ್ರಿಯಿಂದಲೇ ಇದನ್ನು ಕಟ್ಟಿರುವುದು. ಕರ್ನಲ್‌ನಲ್ಲಿದ್ದ ಚಾಚಾ20 ಕೋಡ್ ಅನ್ನು ಸುತ್ತುಗಳ ಸಂಖ್ಯೆ ಬದಲಿಸಬಹುದಾದಂತೆ ಸಡಿಲಿಸಿ 12 ಸುತ್ತುಗಳಲ್ಲಿ ಬಳಸಲಾಯಿತು. ಪಾಲಿ1305 ಅನ್ನೂ ಸೇರಿಸಿಕೊಳ್ಳಲಾಯಿತು. ನಿಧಾನವಾದ ಎಇಎಸ್ ಕೆಲಸವು ಪ್ರತಿ 4096 ಬೈಟ್‌ಗೆ 16 ಬೈಟ್‌ಗಳ ಒಂದೇ ಒಂದು ತುಂಡಿಗೆ ಸೀಮಿತವಾಯಿತು. ಕಾರ್ಟೆಕ್ಸ್-ಎ7 ಪ್ರೊಸೆಸರ್‌ನಲ್ಲಿ ಇದು ಎಇಎಸ್‌ಗಿಂತ ಐದು ಪಟ್ಟಿಗೂ ಹೆಚ್ಚು ವೇಗವಾಗಿದೆ. 2019ರ ಮಾರ್ಚ್‌ನಲ್ಲಿ 5.0ನೇ ಆವೃತ್ತಿಯೊಂದಿಗೆ ಇದು ಕರ್ನಲ್‌ಗೆ ಸೇರಿತು. ಅದೇ ವರ್ಷ ಬಂದ ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಮಾರುಕಟ್ಟೆಗೆ ಬರುವ ಎಲ್ಲ ಮೊಬೈಲ್‌ಗಳಿಗೂ, ಬೆಲೆ ಎಷ್ಟೇ ಇರಲಿ, ಗೂಢಲಿಪಿ ಕಡ್ಡಾಯವಾಯಿತು.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಮೇಲ್ಕಂಡ ನಿಯಮವು ಆಂಡ್ರಾಯ್ಡ್ 10 ಅಥವಾ ನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಮೊಬೈಲ್‌ಗಳಿಗೆ ಅನ್ವಯಿಸುತ್ತದೆ. ಅದಕ್ಕೂ ಹಳೆಯ ಅಗ್ಗದ ಮೊಬೈಲ್ ನಂತರ ನವೀಕರಣಗೊಂಡಿದ್ದರೂ ಗೂಢಲಿಪಿಯಿಲ್ಲದೆ ಇರುವ ಸಾಧ್ಯತೆಯುಂಟು. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗದೊಳಗೆ ಎನ್‌ಕ್ರಿಪ್ಶನ್ ಎಂಬಲ್ಲಿ ಇದನ್ನು ನೋಡಬಹುದು. ತಯಾರಕರನ್ನು ಅನುಸರಿಸಿ ಹೆಸರು ತುಸು ಬೇರೆಯಾಗಿರುತ್ತದೆ. ಹಾಗೆ ಗೂಢಲಿಪಿಯಿಲ್ಲದ ಮೊಬೈಲ್‌ನಲ್ಲಿ ದಾಖಲೆಗಳ ಚಿತ್ರಗಳನ್ನು ಅರ್ಜಿ ಸಲ್ಲಿಸಿದ ನಂತರ ಉಳಿಸಿಕೊಳ್ಳದಿರುವುದು ಸೂಕ್ತ.

ಗೂಢಲಿಪಿ ಇದ್ದರೂ ಪರದೆಗೆ ಪಿನ್ ಅಥವಾ ಸಂಕೇತಪದ ಹಾಕದಿದ್ದಲ್ಲಿ ಮೊಬೈಲ್ ಸಿಕ್ಕವರು ಅದನ್ನು ಸುಮ್ಮನೆ ತೆರೆದು ನೋಡಬಹುದು. ಬೀಗಕ್ಕೆ ಕೀಲಿಯನ್ನು ಚುಚ್ಚಿಯೇ ಬಿಟ್ಟಂತೆ. ಮೊಬೈಲ್‌ಗೆ ಹಾಕುವ ಹೆಚ್ಚುವರಿ ಮೆಮೊರಿ ಕಾರ್ಡ್‌ಗೆ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಕಾರ್ಡನ್ನು ತೆಗೆದು ಬೇರೆ ಯಂತ್ರಕ್ಕೆ ಹಾಕಿದರೆ ಅದರಲ್ಲಿನ ಚಿತ್ರಗಳು ನೇರವಾಗಿ ಕಾಣುತ್ತವೆ. ಆದ್ದರಿಂದ ಆಧಾರ್, ಬ್ಯಾಂಕ್ ದಾಖಲೆಗಳ ಚಿತ್ರಗಳನ್ನು ಕಾರ್ಡಿನಲ್ಲಿ ಇಡಬಾರದು.

ತಯಾರಕರು ಕಳುಹಿಸುವ ಭದ್ರತಾ ನವೀಕರಣವನ್ನು ಮುಂದೂಡದೆ ಅಳವಡಿಸಿಕೊಳ್ಳತಕ್ಕದ್ದು. ಸಾಮಾನ್ಯ ಸಂಗ್ರಹದಲ್ಲಿ ದೋಷವೊಂದು ಕಂಡು ಅದನ್ನು ತಿದ್ದಿದಾಗ, ಆ ತಿದ್ದುಪಡಿ ಮೊಬೈಲ್‌ಗೆ ತಲುಪುವ ಮಾರ್ಗ ಅದೊಂದೇ. ಕೊನೆಯ ನವೀಕರಣದ ದಿನಾಂಕವನ್ನು ಮೊಬೈಲ್ ಕುರಿತ ಮಾಹಿತಿಯಲ್ಲಿ ಆಂಡ್ರಾಯ್ಡ್ ಆವೃತ್ತಿಯ ಕೆಳಗೆ ನಮೂದಿಸಿರುತ್ತದೆ.

ಗೂಢಲಿಪಿ ಇರುವ ಹಳೆಯ ಮೊಬೈಲ್ ಅನ್ನು ಮಾರುವ ಅಥವಾ ಮಕ್ಕಳಿಗೆ ಕೊಡುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಿದರೆ ಕೀಲಿಯೇ ನಾಶವಾಗುತ್ತದೆ. ಕಡತಗಳ ಅವಶೇಷ ಸಂಗ್ರಹದಲ್ಲಿ ಉಳಿದರೂ ಅದನ್ನು ಯಾರೂ ಓದಲಾರರು. ಇದೇ ಕಾರಣಕ್ಕೆ ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಕೀಲಿಯು ಆ ಮೊಬೈಲ್‌ನ ಚಿಪ್‌ಗೆ ಬೆಸೆದುಕೊಂಡಿರುವುದರಿಂದ, ಮೊಬೈಲ್ ನೀರಿಗೆ ಬಿದ್ದು ಆ ಚಿಪ್ ಕೆಟ್ಟಲ್ಲಿ ಅದರಲ್ಲಿನ ಚಿತ್ರಗಳನ್ನು ಯಾವ ದುರಸ್ತಿ ಅಂಗಡಿಯವರೂ ಮರಳಿ ತೆಗೆದುಕೊಡಲಾರರು. ಮೂಲ ದಾಖಲೆಗಳನ್ನೂ ಸ್ವೀಕೃತಿ ಪತ್ರದ ಮುದ್ರಿತ ಪ್ರತಿಯನ್ನೂ ಅರ್ಜಿದಾರರು ಬೇರೆಯಾಗಿ ಕಾಪಾಡಿಕೊಳ್ಳತಕ್ಕದ್ದು.